ಡಿಕ್ಕಿ ಕಾರು ಜಯನಗರಕ್ಕೆ ಆಗಿಬರಲ್ವಾ?

ದಕ್ಷಿಣ ಬೆಂಗಳೂರಿನಲ್ಲಿ ಕಾರು ಕೊಳ್ಳಲು ಹೊರಟವರ ಕಿವಿಗೆ ಮೊದಲು ಬೀಳುವ ಮಾತು: "ಸೆಡಾನ್ ಬೇಡ ಕಣ್ರೀ, ಹಂಪ್‌ಗೆಲ್ಲ ತಳ ಉಜ್ಜುತ್ತೆ." ಹಿಂದೆ ಡಿಕ್ಕಿ ಚಾಚಿದ ಸೆಡಾನ್ ಬಗೆಗಿನ ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಜನ ಅಂದುಕೊಂಡ ಕಡೆ ಅಲ್ಲ. ಕಂಪನಿಗಳ ಲೆಕ್ಕದಲ್ಲಿ ನೆಲಕ್ಕೂ ತಳಕ್ಕೂ ನಡುವೆ ಹೋಂಡಾ ಸಿಟಿಗೆ 165 ಮಿ.ಮೀ., ಫೋಕ್ಸ್‌ವ್ಯಾಗನ್ ವರ್ಟಸ್‌ಗೆ 179, ಎಸ್‌ಯುವಿ ಎನಿಸಿಕೊಂಡ ಹುಂಡೈ ಕ್ರೆಟಾಗೆ 190 ಅಂತರವಿದೆ. ಹೆಚ್ಚೆಂದರೆ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಿಧಾನವಾಗಿ ಹೋದರೆ ಅಂಥ ಹಂಪನ್ನು ಈ ಮೂರೂ ಕಾರುಗಳು ದಾಟುತ್ತವೆ. ತಳ ತಾಗುವುದು ಬಿಟಿಎಂ, ಜೆ.ಪಿ. ನಗರದ ಅಡ್ಡರಸ್ತೆಗಳಲ್ಲಿ ಅಳತೆಯಿಲ್ಲದೆ ಸುರಿದ ಡಾಂಬರಿನ ದಿಣ್ಣೆಗಳಿಗೆ, ಅದೂ ಐದು ಜನ ಕೂತು ಕಾರು ಕುಗ್ಗಿದಾಗ. ಆ ತಪ್ಪು ರಸ್ತೆಯದು. ಕಾರಿನ ಮೇಲೆ ಹೊರಿಸುವುದು ಅನ್ಯಾಯ.

ಸೆಡಾನ್ ನಿಜಕ್ಕೂ ಸೋಲುವ ಜಾಗ ಬೇರೆ: ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು. ಮುಂದಿನ ಚಕ್ರದಾಚೆ ಚಾಚಿದ ತಗ್ಗು ಮೂತಿ ಅಲ್ಲಿ ಕೆರೆಯುತ್ತದೆ. ಕೊಳ್ಳುವ ಮುನ್ನ ಟೆಸ್ಟ್ ಡ್ರೈವ್ ಕಾರನ್ನು ನಿಮ್ಮ ಮನೆಯ ಬೇಸ್‌ಮೆಂಟಿಗೇ ಇಳಿಸಿ ನೋಡಿ. ಯಾವ ಸಲಹೆಗಾರರಿಗಿಂತಲೂ ಆ ಇಳಿಜಾರಿನ ಉತ್ತರ ಖಚಿತ.

"ಡಿಕ್ಕಿ ಇದ್ರೆ ಪಾರ್ಕಿಂಗ್ ಆಗಲ್ಲ" ಎನ್ನುವುದು ಇನ್ನೊಂದು ಮಾತು. ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ 2006ರ ಬಜೆಟ್ ತೆರಿಗೆ ಇಳಿಸಿತು. ಅದರ ಫಲವಾಗಿ ಮಾರುತಿ ಡಿಜೈರ್ ಕೂಡ ಮುಂದೆ 3,995 ಮಿ.ಮೀ.ಗೆ ಇಳಿಯಿತು. ಎಸ್‌ಯುವಿ ಎನಿಸಿಕೊಂಡ ಮಾರುತಿ ಬ್ರೆಝಾ ಉದ್ದವೂ ಅಷ್ಟೇ! ಅಗಲದಲ್ಲಿ ಡಿಜೈರ್ 1,735, ಬ್ರೆಝಾ 1,790. ಎರಡೂ ಬದಿ ಕಾರು ನಿಂತಿರುವ ಬನಶಂಕರಿಯ ಕ್ರಾಸ್‌ನಲ್ಲಿ ಉದ್ದಕ್ಕಿಂತ ಅಗಲವೇ ಕಾಡುವುದು. ಸಿಟಿ, ವರ್ಟಸ್ ಮಾತ್ರ ನಾಲ್ಕೂವರೆ ಮೀಟರ್ ದಾಟುತ್ತವೆ, ಅವಕ್ಕೆ ಜಾಗ ಅಳೆದೇ ಮುಂದುವರಿಯಬೇಕು.

"ಅದು ಟ್ಯಾಕ್ಸಿ ಕಾರು, ಮನೆಗೆ ಯಾಕೆ?" ಈ ಮಾತಿಗೆ ಬಲಿಯಾದದ್ದು ನಮ್ಮ ಬಿಡದಿಯಲ್ಲೇ ತಯಾರಾದ ಟೊಯೋಟಾ ಇಟಿಯೋಸ್. 2010ರ ಕೊನೆಗೆ ಬಂದು 2020ರಲ್ಲಿ ನಿಂತುಹೋಯಿತು. 595 ಲೀಟರಿನ ಡಿಕ್ಕಿ, ವಿಶಾಲವಾದ ಹಿಂದಿನ ಸೀಟು. ದಿನವಿಡೀ ದುಡಿದು ಕಂತು ಕಟ್ಟಬೇಕಾದ ಚಾಲಕ ರಿಪೇರಿಗೆ ನಿಲ್ಲುವ ಕಾರನ್ನು ಆರಿಸುವುದಿಲ್ಲ. ಅವನ ಆಯ್ಕೆಯನ್ನು ಕಳಂಕವೆಂದು ಎಣಿಸುವ ನಮ್ಮ ಬುದ್ಧಿ ನನಗೆ ಬೇಸರ ತರಿಸುತ್ತದೆ.

ಹಾಗೆಂದು, ಕೊಳ್ಳದೆ ಬಾಡಿಗೆಗೆ ಕರೆಯುವವರು ಡಿಕ್ಕಿಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಬಾಡಿಗೆಗೆ ಬರುವ ಸಿಎನ್‌ಜಿ ಸೆಡಾನ್‌ಗಳಲ್ಲಿ ಸಿಲಿಂಡರೇ ಹೆಚ್ಚಿನ ಜಾಗ ನುಂಗಿರುತ್ತದೆ. ಟಾಟಾ ಟಿಗೋರ್‌ನಂಥ ಕೆಲವಲ್ಲಿ ಎರಡು ಸಣ್ಣ ಸಿಲಿಂಡರು ನೆಲದಡಿ ಸೇರಿವೆ, ಅಲ್ಲಿ ಪರವಾಗಿಲ್ಲ. ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸು, ದೇವನಹಳ್ಳಿ ವಿಮಾನ ನಿಲ್ದಾಣ ಎಂದರೆ ಬುಕ್ ಮಾಡುವಾಗಲೇ ಚಾಲಕರನ್ನು ಕೇಳಿಬಿಡಿ.

ಎತ್ತರದ ಕಾರೇ ಸುರಕ್ಷಿತ ಎಂಬ ನಂಬಿಕೆಗೂ ಆಧಾರವಿಲ್ಲ. 2024ರ ಹೊಸ ಡಿಜೈರ್‌ಗೆ ಕಾರುಗಳ ಅಪಘಾತ ಪರೀಕ್ಷೆ ನಡೆಸುವ ಗ್ಲೋಬಲ್ ಎನ್‌ಕ್ಯಾಪ್ ಐದು ಸ್ಟಾರ್ ಕೊಟ್ಟಿತು. ಆ ಅಂಕ ಹೊಸ ಮಾದರಿಗಷ್ಟೇ, ಬಾಡಿಗೆಗೆ ಸಿಗುವ ಹಳೆಯದಕ್ಕೆ ಅನ್ವಯಿಸದು.

ಎಲ್ಲಕ್ಕಿಂತ ಅಪಾಯದ ನಂಬಿಕೆ: "ಪರಿಚಯದವರ ವೈಟ್ ಬೋರ್ಡ್ ಕಾರು, ದಿನಕ್ಕಿಷ್ಟು ಕೊಟ್ರಾಯ್ತು." ಸ್ವಂತ ಬಳಕೆಗೆ ನೋಂದಾಯಿಸಿದ ಕಾರನ್ನು ಬಾಡಿಗೆಗೆ ಬಿಡುವುದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ. ಅಪಘಾತವಾದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು, ಆಗ ಆಸ್ಪತ್ರೆ, ಗ್ಯಾರೇಜಿನ ಖರ್ಚು ಮಾಲೀಕರ ಮತ್ತು ನಿಮ್ಮ ತಲೆಗೇ. ನೀವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಚಾಲಕರಿರುವ ಟ್ಯಾಕ್ಸಿಗೆ ಹಳದಿ ಫಲಕ, ಕಪ್ಪು ಅಕ್ಷರ. ಕೀಲಿ ಕೈಗೆ ಬರುವ ಮೊದಲು ಆರ್‌ಸಿ, ವಿಮೆಯ ದಿನಾಂಕ ಎರಡನ್ನೂ ನೋಡಿಕೊಳ್ಳಿ.