ನಿಮಗಿದು ಗೊತ್ತೇ? ಜೈಲಿನವರ ಲೆಕ್ಕ ಕೇಳುವವರು

ಮಧುಗಿರಿ ಬೆಟ್ಟವೂ ಒಂದು ಕಾಲಕ್ಕೆ ಜೈಲು. 1763ರಲ್ಲಿ ಬಿದನೂರು ಗೆದ್ದ ಹೈದರಾಲಿ, ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ತಂದು ಸೆರೆಯಿಟ್ಟದ್ದು ಈ ಕೋಟೆಯಲ್ಲೇ. ಬಿಡುಗಡೆಯಾದದ್ದು 1767ರಲ್ಲಿ, ಪೇಶ್ವೆ ಮಾಧವರಾಯನ ದಂಡು ಕೋಟೆ ಹಿಡಿದ ಮೇಲೆ. ಜೈಲು ತಪಾಸಣೆಗೆ ಆಗ ಮರಾಠಾ ಸೈನ್ಯವೇ ಬರಬೇಕಾಯಿತು!

● ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಉಪವಿಭಾಗ. ಜಿಲ್ಲಾ ಕಾರಾಗೃಹ ಇರುವುದು ತುಮಕೂರಿನಲ್ಲಿ. ಹೆಂಗಸರಿಗೆಂದೇ ಇರುವ ಜೈಲೂ ಅಲ್ಲೇ. ಪಾವಗಡದಿಂದ ಹೆಚ್ಚುಕಡಿಮೆ ನೂರು ಕಿ.ಮೀ. ದೂರ. ಒಳಗಿರುವ ಮಗನನ್ನು ನೋಡಿಬರಲು ಹೊರಟ ತಾಯಿಗೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಹಾಗಾಗಿ ಒಳಗೆ ಏನಾದರೂ ಎಡವಟ್ಟಾದರೆ ಊರಿಗೆ ಸುದ್ದಿ ಮುಟ್ಟುವುದೇ ತಡ.

● ಜೈಲು ದಿಲ್ಲಿಯ ಜವಾಬ್ದಾರಿಯಲ್ಲ. ಸಂವಿಧಾನದ ಏಳನೇ ಅನುಸೂಚಿ, ರಾಜ್ಯ ಪಟ್ಟಿ, 4ನೇ ನಮೂದು: ರಾಜ್ಯದ್ದೇ ಹೊಣೆ, ಅದೂ ಗೃಹ ಇಲಾಖೆಯದು. 2023ರ ಮೇ ತಿಂಗಳಲ್ಲಿ ಆ ಖಾತೆ ವಹಿಸಿಕೊಂಡ ಜಿ. ಪರಮೇಶ್ವರ ಅವರು ಗೆದ್ದು ಬಂದದ್ದು ಕೊರಟಗೆರೆಯಿಂದ. ಕೇಳುವುದಿದ್ದರೆ ದೂರ ಹೋಗಬೇಕಿರಲಿಲ್ಲ.

● ದೇಶದ ಜೈಲುಗಳ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ದೊಡ್ಡ ತೀರ್ಪುಗಳಲ್ಲೊಂದು ಹುಟ್ಟಿದ್ದು ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬ ಬರೆದ ಕಾಗದದಿಂದ. 1984ರಲ್ಲಿ ಆತ ಮುಖ್ಯ ನ್ಯಾಯಮೂರ್ತಿಗಳಿಗೇ ಬರೆದ. ದುಡಿದದ್ದಕ್ಕೆ ನ್ಯಾಯವಾದ ಕೂಲಿ ಕೊಡುತ್ತಿಲ್ಲ ಎಂಬುದು ಮುಖ್ಯ ದೂರು. ಬಾಯಿಗಿಡಲಾಗದ ಊಟ, ಹಿಂಸೆ ಆಮೇಲಿನದು. ಕೋರ್ಟು ಕಾಗದವನ್ನೇ ಅರ್ಜಿ ಎಂದು ತೆಗೆದುಕೊಂಡು, ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರನ್ನು ಜೈಲಿಗೆ ಕಳಿಸಿತು. ತೀರ್ಪು ಬಂದದ್ದು 1996ರ ಡಿಸೆಂಬರ್‌ನಲ್ಲಿ. ಕಿಕ್ಕಿರಿದ ಬ್ಯಾರಕ್‌ನಿಂದ ಹಿಡಿದು ಸಂದರ್ಶನದ ಅವ್ಯವಸ್ಥೆಯವರೆಗೆ ಒಂಬತ್ತು ರೋಗಗಳನ್ನು ಅದು ಹೆಸರಿಟ್ಟು ಪಟ್ಟಿಮಾಡಿತು. ಇದೇ ‘ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ’. ಕಾಗದಕ್ಕೂ ತೀರ್ಪಿಗೂ ನಡುವೆ ಹನ್ನೆರಡು ವರ್ಷ. ಎಷ್ಟೋ ಶಿಕ್ಷೆಗಳು ಅದಕ್ಕಿಂತ ಬೇಗ ಮುಗಿಯುತ್ತವೆ.

● ಜೈಲಿನಲ್ಲಿ ದೂರು ಪೆಟ್ಟಿಗೆ ಇರಬೇಕೆಂದದ್ದೂ ಸುಪ್ರೀಂ ಕೋರ್ಟೇ, 1979ರ ಸುನಿಲ್ ಬಾತ್ರಾ ಪ್ರಕರಣದಲ್ಲಿ. ತಿಹಾರ್‌ನಲ್ಲಿ ವಾರ್ಡರ್ ಒಬ್ಬ ಹಣಕ್ಕಾಗಿ ಇನ್ನೊಬ್ಬ ಕೈದಿಯನ್ನು ಹಿಂಸಿಸಿದ್ದನ್ನು ಅಲ್ಲೇ ಕೈದಿಯಾಗಿದ್ದ ಬಾತ್ರಾ ಬರೆದು ತಿಳಿಸಿದ್ದ. ಪೆಟ್ಟಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಮತ್ತು ಸೆಷನ್ಸ್ ನ್ಯಾಯಾಧೀಶರ ಆದೇಶದಂತೆ ತೆರೆಯಬೇಕು. ಬೀಗದ ಕೈ ಜೈಲಿನವರ ಸೊಂಟದಲ್ಲೇ ಇದ್ದರೆ ಪೆಟ್ಟಿಗೆ ಇದ್ದೂ ಒಂದೇ, ಇಲ್ಲದೆಯೂ ಒಂದೇ.

● ಪ್ರತಿ ಜೈಲಿಗೂ ಸಂದರ್ಶಕ ಮಂಡಳಿ ಇರಬೇಕು: ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಎಸ್‌ಪಿ, ವೈದ್ಯಾಧಿಕಾರಿ, ಜೊತೆಗೆ ಸರ್ಕಾರಿ ನೌಕರಿಯಲ್ಲಿಲ್ಲದ ಕೆಲವರು. ಕಂಡದ್ದನ್ನು ಸಂದರ್ಶಕರ ಪುಸ್ತಕದಲ್ಲಿ ಬರೆಯಬೇಕು. 1894ರ ಜೈಲು ಕಾಯ್ದೆಯಲ್ಲೇ ಈ ಪುಸ್ತಕದ ಮಾತಿದೆ. ತೊಡಕಿರುವುದು ಬೇರೆ ಕಡೆ: ಎಸ್‌ಪಿಯೂ ಜೈಲು ಅಧೀಕ್ಷಕರೂ ಒಂದೇ ಗೃಹ ಇಲಾಖೆಯ ನೆರಳಲ್ಲಿರುವವರು. ಮನೆಯವರೇ ಮನೆಯ ಲೆಕ್ಕ ತಪಾಸಣೆ ಮಾಡಿದಂತೆ.

● ಮಾನವ ಹಕ್ಕುಗಳ ಆಯೋಗ ಜೈಲಿಗೆ ಭೇಟಿ ಕೊಡುವ ಮುನ್ನ ರಾಜ್ಯ ಸರ್ಕಾರಕ್ಕೆ ತಿಳಿಸಬೇಕೆಂದು 1993ರ ಕಾಯ್ದೆಯಲ್ಲಿತ್ತು. ನೆಂಟರು ಬರುವ ಸುದ್ದಿ ಮೊದಲೇ ಸಿಕ್ಕರೆ ಅಂಗಳ ಸಾರಿಸದವರು ಯಾರು? 2006ರ ತಿದ್ದುಪಡಿ ಆ ಷರತ್ತನ್ನು ತೆಗೆದುಹಾಕಿತು.

● ಜೈಲಿನಲ್ಲಿ ಕೈದಿ ಸತ್ತರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು. ನ್ಯಾಯಾಲಯದ ಆದೇಶದ ಮೇಲೆ ಬಂಧನದಲ್ಲಿದ್ದವರ ಸಾವಿನ ವಿಚಾರಣೆ 2006ರಿಂದ ನ್ಯಾಯಾಂಗ ಮ್ಯಾಜಿಸ್ಟ್ರೇಟರದು.

● ಇಷ್ಟೆಲ್ಲ ಕಣ್ಣುಗಳಿದ್ದೂ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ಕೆಲವರಿಗೆ ಸಿಗುತ್ತಿದ್ದ ವಿಶೇಷ ಸೌಲಭ್ಯದ ಗುಟ್ಟು ಬಯಲಾದದ್ದು ಹೇಗೆ? 2017ರಲ್ಲಿ, ಜೈಲು ಇಲಾಖೆಯ ಡಿಐಜಿಯೇ ಆಗಿದ್ದ ಡಿ. ರೂಪಾ ಬರೆದ ವರದಿಯಿಂದ. 2024ರ ಆಗಸ್ಟ್‌ನಲ್ಲಿ ಒಂದು ಫೋಟೊದಿಂದ: ಹುಲ್ಲುಹಾಸು, ಕುರ್ಚಿ, ಕೊಲೆ ಆರೋಪಿ ನಟ ದರ್ಶನ್ ಕೈಯಲ್ಲಿ ಕಾಫಿ ಮಗ್ಗು, ಸಿಗರೇಟು. ಅಧಿಕಾರಿಗಳು ಅಮಾನತಾದರು, ದರ್ಶನ್ ಬಳ್ಳಾರಿಗೆ ಹೋದರು. ಅದೇ ಪ್ರಕರಣದ ನಾಲ್ವರು ಆರೋಪಿಗಳು ಅದಕ್ಕೆ ಎರಡು ತಿಂಗಳ ಮುಂಚೆಯೇ ನಮ್ಮ ತುಮಕೂರು ಜೈಲಿಗೆ ಬಂದಿದ್ದರು. ಅವರ ಫೋಟೊ ಯಾರಿಗೂ ಬೇಕಾಗಲಿಲ್ಲ. 2025ರ ಆಗಸ್ಟ್‌ನಲ್ಲಿ ದರ್ಶನ್ ಜಾಮೀನು ರದ್ದು ಮಾಡುವಾಗ ಸುಪ್ರೀಂ ಕೋರ್ಟ್, ಜೈಲಿನಲ್ಲಿ ವಿಶೇಷ ಸೌಲಭ್ಯ ಕಂಡರೆ ಅಧೀಕ್ಷಕರೇ ಮೊದಲು ಅಮಾನತಾಗುತ್ತಾರೆ ಎಂದು ಗದರಿತು.

● ಕೈದಿಗಳಿಗೆ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಬಾಹಿರ ಎಂಬ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2024ರ ಅಕ್ಟೋಬರ್ 3ರಂದು. ಕಸಬರಿಕೆ ಯಾರ ಕೈಗೆ, ಸೌಟು ಯಾರ ಕೈಗೆ ಎಂದು ನೋಡಿಬರುವ ಕೆಲಸ ಈಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಸಂದರ್ಶಕ ಮಂಡಳಿಗೂ ಸೇರಿದೆ.

● ಇಂಗ್ಲೆಂಡಿನಲ್ಲಿ ಜೈಲುಗಳಿಗೆಂದೇ ಪ್ರತ್ಯೇಕ ಮುಖ್ಯ ತಪಾಸಕರಿದ್ದಾರೆ. ಹೇಳದೆ ಕೇಳದೆ ಬರುತ್ತಾರೆ, ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತಾರೆ. ಭಾರತವೋ, ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲೇ ಸಹಿ ಹಾಕಿ, ಅನುಮೋದನೆ ಕೊಡುವುದನ್ನು ಮಾತ್ರ ಮರೆತಿದೆ.

● ಕೊನೆಗೊಂದು ಉಪಯೋಗದ ಮಾತು. ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗಲು ಆದಾಯ ಪ್ರಮಾಣಪತ್ರ ಬೇಕಿಲ್ಲ. ಒಳಗಿದ್ದಾರೆ ಎಂಬುದೇ ಅರ್ಹತೆ. ಮಧುಗಿರಿ ಉಪವಿಭಾಗದ ನಾಲ್ಕೂ ತಾಲ್ಲೂಕಿನ ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಅರ್ಜಿಗೆ ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು.