ಪರಂಗಿ ಸೊನೆಯೊಳಗಿನ ಕತ್ತರಿ

ಗಟ್ಟಿ ಮಾಂಸ ಬೇಗ ಬೇಯಲಿ ಅಂತ ಸಾರಿಗೆ ಪರಂಗಿ ಕಾಯಿ ಚೂರು ಹಾಕೋದನ್ನು ನೋಡಿದ್ದೀರಲ್ಲ? ಕಾಯಿಯ ಬಿಳಿ ಸೊನೆಯಲ್ಲಿ ಪಪೇನ್ ಎಂಬ ಕಿಣ್ವ ಇರುತ್ತದೆ. ಪ್ರೋಟೀನುಗಳನ್ನು ಕತ್ತರಿಸುವುದೇ ಅದರ ಕೆಲಸ.

ವಿಜ್ಞಾನಿಗಳಿಗೂ ಇಂಥ ಕತ್ತರಿ ಬೇಕು. ನಮ್ಮ ರಕ್ತದಲ್ಲಿ ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳು ಇರುತ್ತವಷ್ಟೆ. 1959ರಲ್ಲಿ ಇಂಗ್ಲೆಂಡಿನ ರಾಡ್ನಿ ಪೋರ್ಟರ್ ಮೊಲದ ಪ್ರತಿಕಾಯವನ್ನು ಪಪೇನಿನಿಂದ ಮೂರು ತುಂಡು ಮಾಡಿದರು. ಎರಡು ತುಂಡು ಹಿಡಿಯುವ ಕೈಗಳು, ಮೂರನೆಯದು ಹಿಡಿಕೆ ಇದ್ದ ಹಾಗೆ. ಪ್ರತಿಕಾಯದ ರಚನೆ ತಿಳಿಸಿದ್ದಕ್ಕೆ 1972ರಲ್ಲಿ ಅವರಿಗೂ ಅಮೆರಿಕದ ಜೆರಾಲ್ಡ್ ಎಡಲ್‌ಮನ್‌ಗೂ ನೊಬೆಲ್ ಬಂತು. ಹಿತ್ತಲಿನ ಪರಂಗಿ ಎಲ್ಲೀವರೆಗೆ ಹೋಯ್ತು ನೋಡಿ!

ಆದರೆ ಸೊನೆಯಲ್ಲಿ ಪಪೇನ್ ಒಂದೇ ಇಲ್ಲ, ಕೈಮೋಪಪೇನ್ ಮುಂತಾದ ಬೇರೆ ಕತ್ತರಿಗಳೂ ಬೆರೆತಿವೆ. ಬೇರ್ಪಡಿಸದಿದ್ದರೆ ಯಾವುದು ಎಲ್ಲಿ ಕತ್ತರಿಸಿತು ಅಂತ ಹೇಳೋದು ಕಷ್ಟ. ಅದಕ್ಕೇ ಪಪೇನ್ ತಯಾರಿಸುವ ಜೀನನ್ನು ಮಾತ್ರ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಿಂದಲೇ ಮಾಡಿಸುವ ಉಪಾಯ ಹುಡುಕಿದರು.

ಕತ್ತರಿ ತನ್ನನ್ನು ಮಾಡಿದವರನ್ನೇ ಕತ್ತರಿಸಿಬಿಟ್ಟರೆ? ಗಿಡ ಇದಕ್ಕೆ ಮೊದಲೇ ದಾರಿ ಮಾಡಿಕೊಂಡಿದೆ. ಪಪೇನ್ ಹುಟ್ಟುವಾಗಲೇ ಅದರ ಬಾಯಿಗೆ ಅಡ್ಡವಾಗಿ ಒಂದು ತುಂಡು ಪ್ರೋಟೀನು ಅಂಟಿಕೊಂಡಿರುತ್ತೆ, ಕತ್ತಿಗೆ ಒರೆ ಹಾಕಿದಂತೆ. ಬ್ಯಾಕ್ಟೀರಿಯಾಕ್ಕೂ ಒರೆಯ ಸಮೇತವೇ ಜೀನು ಕೊಡುತ್ತಾರೆ. ಒರೆ ಇಲ್ಲದಿದ್ದರೆ ಪಪೇನ್ ಸರಿಯಾದ ಆಕಾರಕ್ಕೆ ಮಡಚಿಕೊಳ್ಳುವುದೂ ಇಲ್ಲ. ಬ್ಯಾಕ್ಟೀರಿಯಾದೊಳಗೆ ಅದು ಬಹಳ ಸಲ ಗಂಟುಕಟ್ಟಿ ಕೂರುತ್ತೆ, ಬಿಡಿಸೋದೇ ಒಂದು ಪಾಡು. ಬಿಡಿಸಿ, ಮತ್ತೆ ಮಡಚಿಕೊಳ್ಳಲು ಬಿಟ್ಟು, ಕೊನೆಗೆ ಹುಳಿ ದ್ರಾವಣದಲ್ಲಿಟ್ಟರೆ ಒರೆ ಕಳಚುತ್ತೆ. ಆಗ ಕತ್ತರಿ ಕೆಲಸಕ್ಕೆ ಸಿದ್ಧ.