ಓಕುಳಿಯ ಬಟ್ಟಲಿನಲ್ಲಿ ಜರ್ಮನ್ ಪಾಠ

ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಸಾಕು, ಹಳದಿ ಅಡಗಿ ಕೆಂಪು ಮೂಡುವುದು. ಆರತಿಯ ತಟ್ಟೆಯಲ್ಲಿ ಈ ಓಕುಳಿಯನ್ನು ಕಾಣದ ಮಕ್ಕಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ವಿರಳ. ಇದು ರಸಾಯನಶಾಸ್ತ್ರದ ಪ್ರಯೋಗವೇ ಸರಿ. ಇದೇ ಬಟ್ಟಲಿನಿಂದ ಮಕ್ಕಳಿಗೆ ಜರ್ಮನ್ ಭಾಷೆಯ ಮೊದಲ ಪಾಠವನ್ನೂ ಹೇಳಬಹುದೆಂದರೆ ಅಚ್ಚರಿಯಾದೀತು.

ಜರ್ಮನರು ಅರಿಸಿನವನ್ನು ಕರೆಯುವುದು 'ಕುರ್ಕುಮ' ಎಂದು. ಅರಬ್ಬೀ ಭಾಷೆಯ 'ಕುರ್ಕುಮ್' ಶಬ್ದದ ದಾರಿಯಿಂದ ಯುರೋಪನ್ನು ಸೇರಿದ ಈ ಹೆಸರಿಗೂ ನಮ್ಮ 'ಕುಂಕುಮ'ಕ್ಕೂ ನಂಟುಂಟೆಂದು ಭಾಷಾಪಂಡಿತರು ಭಾವಿಸುತ್ತಾರೆ. ನೀರು 'ವಸ್ಸರ್', ಸುಣ್ಣ 'ಕಲ್ಕ್', ಹಳದಿ 'ಗೆಲ್ಪ್', ಕೆಂಪು 'ರೋಟ್'. ಬಣ್ಣ ತಿರುಗಿದ ಗಳಿಗೆಯಲ್ಲಿಯೇ ಮಗು 'ರೋಟ್!' ಎಂದು ಕೂಗಿದರೆ ಆ ಶಬ್ದ ಕಣ್ಣಿನ ಮೂಲಕ ಮನಸ್ಸಿಗಿಳಿಯುವುದು. 'ತ್ಸಿಟ್ರೋನ', ಎಂದರೆ ನಿಂಬೆಹಣ್ಣು, ಹಿಂಡಿದೊಡನೆ ಮತ್ತೆ 'ಗೆಲ್ಪ್'. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತು ಸುಣ್ಣದ ಕ್ಷಾರದಲ್ಲಿ ಕೆಂಪಾಗಿ, ನಿಂಬೆಯ ಆಮ್ಲದಿಂದ ಹಳದಿಗೆ ಮರಳುವುದೇ ಇದರ ಗುಟ್ಟು. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಆದುದರಿಂದ ಅದನ್ನು ಹಿರಿಯರೇ ಬೆರೆಸತಕ್ಕದ್ದು.

ಇಲ್ಲಿ ವ್ಯಾಕರಣವೂ ಉಂಟು. ಕನ್ನಡದಲ್ಲಿ ನೀರು, ಸುಣ್ಣ, ನಿಂಬೆಹಣ್ಣು ಮೂರೂ ನಪುಂಸಕ. ಜರ್ಮನ್ನಿನಲ್ಲಾದರೋ ಸುಣ್ಣ ಪುಲ್ಲಿಂಗ, 'ಡೇರ್ ಕಲ್ಕ್'. ನಿಂಬೆ ಸ್ತ್ರೀಲಿಂಗ, 'ಡೀ ತ್ಸಿಟ್ರೋನ'. ನೀರು ನಪುಂಸಕ, 'ಡಸ್ ವಸ್ಸರ್'. ಬಾಯಿಪಾಠಕ್ಕೆ ಬೇಸರ ತರುವ ಈ ಭೇದವನ್ನು ಮೂರು ಬಟ್ಟಲುಗಳು ಆಟದಂತೆ ಕಲಿಸುವುವು.

ವಸ್ತುವನ್ನು ಕಂಡು ಮಾತು ಕಲಿಯುವ ಈ ದಾರಿ ನಮಗೆ ಹೊಸದಲ್ಲ. 1853ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಬಂದ ಜರ್ಮನ್ ವಿದ್ವಾಂಸ ಫರ್ಡಿನೆಂಡ್ ಕಿಟ್ಟೆಲ್, ಗ್ರಂಥಗಳಿಂದ ಮಾತ್ರವಲ್ಲದೆ ಜನರ ಬಾಯಿಂದಲೂ ಶಬ್ದಗಳನ್ನು ಕೂಡಿಸಿದರು. ಸುಮಾರು 70,000 ಶಬ್ದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಆ ಜರ್ಮನರು ನಮ್ಮ ಅರಿಸಿನದ ಹೆಸರನ್ನು ಕಲಿತಂತೆ, ಅವರ ಹೆಸರನ್ನು ನಮ್ಮ ಮಕ್ಕಳು ಕಲಿಯಲಾರರೇ?

ಪರಭಾಷೆಯ ಪದಪಟ್ಟಿಯನ್ನು ಉರುಹೊಡೆದು, ಮರುದಿನ ಮರೆತು, 'ನನಗೆ ತಲೆಯಿಲ್ಲ' ಎಂದುಕೊಳ್ಳುವ ಮಕ್ಕಳು ಎಷ್ಟೋ ಮಂದಿ. ತಪ್ಪು ತಲೆಯದಲ್ಲ, ಮಾತಿನಿಂದ ವಸ್ತುವನ್ನು ಅಗಲಿಸಿದ್ದೇ ತಪ್ಪು. ಅಡಿಗೆಮನೆಯ ಅರಿಸಿನದ ಡಬ್ಬಿ, ಎಲೆ-ಅಡಿಕೆಯ ತಟ್ಟೆಯ ಸುಣ್ಣ, ಅರ್ಧ ನಿಂಬೆಹಣ್ಣು: ಇಷ್ಟಕ್ಕೆ ಯಾವ ಬಡಮನೆಯೂ ಸಾಲ ಮಾಡಬೇಕಾಗಿಲ್ಲ.